ಇಂಡಿಯನ್ ಏರ್‌ಲೈನ್ಸ್ 605 ಅಪಘಾತದ ತನಿಖೆ ಮತ್ತು ಸಾಕ್ಷ್ಯ

ಇಂಡಿಯನ್ ಏರ್‌ಲೈನ್ಸ್ 605 ಮುಂಬಯಿಯಿಂದ ಬೆಂಗಳೂರಿಗೆ ಬರುತ್ತಿದ್ದ ಪ್ರಯಾಣಿಕ ವಿಮಾನ. 1990ರ ಫೆಬ್ರವರಿ 14ರ ಮಧ್ಯಾಹ್ನ, ನಗರದ ಪೂರ್ವಭಾಗದ ಎಚ್.ಎ.ಎಲ್. ವಿಮಾನ ನಿಲ್ದಾಣದಲ್ಲಿ ಇಳಿಯುವ ಮುನ್ನ ಇದು ಅಪಘಾತಕ್ಕೀಡಾಯಿತು. ವಿಮಾನದಲ್ಲಿದ್ದ 146 ಜನರಲ್ಲಿ 92 ಮಂದಿ ಮೃತಪಟ್ಟರು. 54 ಮಂದಿ ಬದುಕುಳಿದರು.

ಅಪಘಾತ

ಏರ್‌ಬಸ್ ಎ320 ಮಾದರಿಯ ಈ ವಿಮಾನವು ರನ್‌ವೇಗಿಂತ ಸುಮಾರು 700 ಮೀಟರ್ ಮೊದಲೇ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನದಲ್ಲಿ ನೆಲಕ್ಕೆ ತಗುಲಿತು. ಕ್ಷಣಕಾಲ ಮೇಲೆದ್ದು ಮತ್ತೆ ಅಪ್ಪಳಿಸಿ, ಮಣ್ಣಿನ ಒಡ್ಡಿಗೆ ಬಡಿದು ಮುಂದೆ ಹೋಗಿ ನಿಂತಿತು, ಬೆಂಕಿ ಆವರಿಸಿತು. ಪೈಲಟ್‌ಗಳಿಬ್ಬರೂ ಮೃತಪಟ್ಟರು.

ತನಿಖಾ ನ್ಯಾಯಾಲಯ

ಕೇಂದ್ರ ಸರ್ಕಾರವು ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ತನಿಖಾ ನ್ಯಾಯಾಲಯವನ್ನು ರಚಿಸಿತು. 1937ರ ವಿಮಾನ ನಿಯಮಗಳ ಪ್ರಕಾರ ಇಂಥ ನ್ಯಾಯಾಲಯಕ್ಕೆ ಸಾಕ್ಷಿಗಳನ್ನು ಕರೆಸಲು ಮತ್ತು ದಾಖಲೆಗಳನ್ನು ತರಿಸಿಕೊಳ್ಳಲು ಸಿವಿಲ್ ನ್ಯಾಯಾಲಯದ ಅಧಿಕಾರವಿತ್ತು. ಆದರೆ ಇದು ಅಪರಾಧ ವಿಚಾರಣೆಯಲ್ಲ. ಅಪಘಾತದ ಕಾರಣವನ್ನು ಕಂಡುಹಿಡಿಯುವುದು ಇದರ ಕೆಲಸ.

ಸಾಕ್ಷಿ ಹೇಳಿಕೆಗಳ ಮಿತಿ

ಸಾಮಾನ್ಯವಾಗಿ ಬದುಕುಳಿದವರ ಹೇಳಿಕೆಯಿಂದ ಹೊಗೆ, ಬಾಗಿಲುಗಳ ಸ್ಥಿತಿ, ಹೊರಬಂದ ದಾರಿ ಮುಂತಾದವು ತಿಳಿಯುತ್ತವೆ. ನೆಲದ ಮೇಲಿದ್ದವರು ವಿಮಾನದ ಎತ್ತರ, ಬಾಗು ಮತ್ತು ಬೆಂಕಿಯನ್ನು ವಿವರಿಸಬಲ್ಲರು. ಆದರೆ ಕಣ್ಣಳತೆಯ ವೇಗ, ದೂರಗಳು ತಪ್ಪಬಹುದು. ಘಟನೆಗಳ ಅನುಕ್ರಮ ನೆನಪಿನಲ್ಲಿ ಹಿಂದುಮುಂದಾಗಬಹುದು. ಇತರರಿಂದ ಕೇಳಿದ್ದು ತಾವೇ ಕಂಡದ್ದರೊಡನೆ ಬೆರೆಯಬಹುದು. ಆದ್ದರಿಂದ ಹೇಳಿಕೆಗಳನ್ನು ಅವಶೇಷಗಳೊಡನೆಯೂ ಹಾರಾಟದ ದಾಖಲೆಗಳೊಡನೆಯೂ ಹೋಲಿಸಲಾಗುತ್ತದೆ.

ತೀರ್ಮಾನ

ಇಳಿಯುವ ಕೊನೆಯ ಹಂತದಲ್ಲಿ ವಿಮಾನವು ‘ಐಡಲ್ ಓಪನ್ ಡಿಸೆಂಟ್’ ಸ್ಥಿತಿಯಲ್ಲಿತ್ತು. ಈ ಸ್ಥಿತಿಯಲ್ಲಿ ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿರುತ್ತವೆ. ವೇಗ ಕುಸಿಯುತ್ತಿತ್ತು. 400, 300 ಮತ್ತು 200 ಅಡಿಗಳ ಎತ್ತರದ ಘೋಷಣೆಗಳ ನಂತರವೂ ಪೈಲಟ್‌ಗಳು ಅಪಾಯದ ತೀವ್ರತೆಯನ್ನು ಅರಿತು ಕೂಡಲೇ ಥ್ರಾಟಲ್ ಮುಂದೂಡಲಿಲ್ಲ ಎಂಬುದನ್ನು ವರದಿಯು ಸಂಭವನೀಯ ಕಾರಣವೆಂದು ಹೇಳಿತು.

ಆದರೆ ವಿಮಾನವು ಆ ಸ್ಥಿತಿಗೆ ಏಕೆ ಬಂದಿತೆಂಬುದನ್ನು ನಿರ್ಧರಿಸಲು ಸಾಧ್ಯವಿಲ್ಲವೆಂದೂ ವರದಿ ಒಪ್ಪಿಕೊಂಡಿತು. ಇಳಿಯುವ ದರವನ್ನು ನಿಗದಿಪಡಿಸುವ ಗುಂಡಿಯ ಬದಲು ಎತ್ತರದ ಗುಂಡಿಯನ್ನು ತಿರುಗಿಸಿರಬಹುದೆಂಬುದು ಪರಿಗಣಿಸಲಾದ ಒಂದು ಸಾಧ್ಯತೆ. ಯಂತ್ರವು ಏನಾಯಿತೆಂಬುದನ್ನು ದಾಖಲಿಸಿತ್ತು, ಪೈಲಟ್‌ಗಳ ಉದ್ದೇಶವನ್ನಲ್ಲ. ಅದನ್ನು ಹೇಳಬಲ್ಲವರಾಗಿದ್ದ ಇಬ್ಬರೂ ಬದುಕಿರಲಿಲ್ಲ. ತಮ್ಮ ಮೇಲೆ ಬಂದ ಹೊಣೆಗೆ ಉತ್ತರಿಸುವ ಅವಕಾಶವೂ ಅವರಿಗಿರಲಿಲ್ಲ.

ನಂತರದ ಬೆಳವಣಿಗೆಗಳು

ಅಪಘಾತದ ಬಳಿಕ ಇಂಡಿಯನ್ ಏರ್‌ಲೈನ್ಸ್‌ನ ಎ320 ವಿಮಾನಗಳ ಹಾರಾಟವನ್ನು ಕೆಲಕಾಲ ನಿಲ್ಲಿಸಲಾಯಿತು. ಭಾರತದಲ್ಲಿ ಪ್ರತ್ಯೇಕ ವಿಮಾನ ಅಪಘಾತ ತನಿಖಾ ಬ್ಯೂರೋ 2012ರಲ್ಲಿ ಸ್ಥಾಪನೆಯಾಯಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧದ ಪ್ರಕಾರ ಇಂಥ ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತಗಳನ್ನು ತಡೆಯುವುದು, ದೋಷಾರೋಪಣೆಯಲ್ಲ.