ಸತ್ತವರು ಎಷ್ಟು ಅಂತ ಕೇಳುವ ಮುಂಚೆ

ಎಲ್ಲೇ ದುರಂತ ಆಗಲಿ, ನಮ್ಮ ಸುದ್ದಿಮನೆಯಲ್ಲಿ ಮೊದಲು ಕೇಳೋ ಪ್ರಶ್ನೆ ಒಂದೇ: ಸತ್ತವರು ಎಷ್ಟು? ನಾನೂ ಕೇಳಿದ್ದೀನಿ, ಈಗಲೂ ಕೇಳ್ತೀನಿ. ಸಂಖ್ಯೆ ದೊಡ್ಡದಾದರೆ ಬ್ರೇಕಿಂಗ್ ನ್ಯೂಸ್. ಚಿಕ್ಕದಾದರೆ ಪರದೆಯ ಕೆಳಗೆ ಓಡುವ ಒಂದು ಸಾಲು. ಈ ಲೆಕ್ಕ ಎಷ್ಟು ತಪ್ಪು ಅನ್ನೋದಕ್ಕೆ ಒಂದು ಊರಿನ ಕಥೆ ಹೇಳ್ತೀನಿ.

ಐಸ್‌ಲ್ಯಾಂಡಿನ ದಕ್ಷಿಣಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿ ಹೈಮೇ ಅನ್ನೋ ಪುಟ್ಟ ದ್ವೀಪವಿದೆ. ಮೀನು ಹಿಡಿಯೋದೇ ಅಲ್ಲಿನ ಬದುಕು. ಕಷ್ಟ ಆ ಊರಿಗೆ ಹೊಸದಲ್ಲ. 1627ರಲ್ಲಿ ಅಲ್ಜೀರ್ಸ್ ಕಡೆಯ ಕಡಲ್ಗಳ್ಳರು ನುಗ್ಗಿ, ಇನ್ನೂರಕ್ಕೂ ಹೆಚ್ಚು ಜನರನ್ನು ಹೊತ್ತೊಯ್ದು ಗುಲಾಮರಾಗಿ ಮಾರಿದರು. ಸುಮಾರು ಹತ್ತು ವರ್ಷದ ನಂತರ ಹಣ ತೆತ್ತು ಬಿಡಿಸಿಕೊಂಡದ್ದು ಕೆಲವರನ್ನು ಮಾತ್ರ. ಹಾಗೆ ಮರಳಿದ ಗುದ್ರಿದುರ್ ಸಿಮೊನಾರ್ದೊತ್ತಿರ್ ಅನ್ನೋ ಹೆಣ್ಣುಮಗಳು ತನ್ನ ಮಗನನ್ನು ಅಲ್ಲೇ ಬಿಟ್ಟು ಬರಬೇಕಾಯಿತು. ಊರು ಮಾತ್ರ ಮತ್ತೆ ದೋಣಿ ಇಳಿಸಿತು.

ಈಗ 1973ಕ್ಕೆ ಬನ್ನಿ. ಜನವರಿ 23, ರಾತ್ರಿ ಎರಡು ಗಂಟೆ ಸುಮಾರು. ಊರಿನ ಪೂರ್ವದಂಚಿನಲ್ಲಿ ನೆಲ ಉದ್ದಕ್ಕೆ ಸೀಳಿ ಬೆಂಕಿ ಚಿಮ್ಮಿತು. ಊರಲ್ಲಿದ್ದವರು ಸುಮಾರು 5,300 ಜನ. ಹಿಂದಿನ ದಿನ ಬಿರುಗಾಳಿ ಇದ್ದದ್ದರಿಂದ ದೋಣಿಗಳೆಲ್ಲ ಬಂದರಿನಲ್ಲೇ ನಿಂತಿದ್ದವು. ನಮ್ಮ ಮಲ್ಪೆಯವರನ್ನು ಕೇಳಿ, ಗಾಳಿಗೆ ದೋಣಿ ಕಟ್ಟಿಹಾಕಿದ ದಿನ ದುಡಿಮೆ ಇಲ್ಲದ ದಿನ. ಅವತ್ತು ಅದೇ ಜೀವ ಉಳಿಸಿತು! ಬೆಳಗಾಗೋದರೊಳಗೆ ಹೆಚ್ಚುಕಡಿಮೆ ಇಡೀ ಊರು ಮೀನಿನ ದೋಣಿ ಹತ್ತಿ ದಡದ ಕಡೆ ಹೊರಟಿತ್ತು.

ಆದರೆ ಲಾವಾ ನಿಲ್ಲಲಿಲ್ಲ. ಸುಮಾರು ನಾನೂರು ಮನೆ ನುಂಗಿ, ಬಂದರಿನ ಬಾಯಿಯ ಕಡೆ ಸರಿಯತೊಡಗಿತು. ಬಂದರು ಮುಚ್ಚಿದರೆ ಮೀನುಗಾರಿಕೆ ಎಲ್ಲಿ? ಮೀನುಗಾರಿಕೆ ಇಲ್ಲದ ಊರಿಗೆ ಯಾರು ವಾಪಸ್ ಬರ್ತಾರೆ? ಆಗ ಭೌತವಿಜ್ಞಾನಿ ಥೋರ್ಬ್ಯೋರ್ನ್ ಸಿಗುರ್ಗೈರ್ಸನ್ ಒಂದು ಮಾತು ಹೇಳಿದರು: ಸಮುದ್ರದ ನೀರನ್ನೇ ಲಾವಾ ಮೇಲೆ ಸುರಿಯೋಣ, ತಣ್ಣಗಾಗಿ ಗಟ್ಟಿಯಾದರೆ ಅದೇ ಗೋಡೆ. ಬೆಂಕಿಬೆಟ್ಟಕ್ಕೆ ಪೈಪಿನಲ್ಲಿ ನೀರು ಬಿಡೋದಾ ಅಂತ ಯಾರಿಗಾದರೂ ನಗು ಬರಬೇಕು. ದೊಡ್ಡ ಪಂಪುಗಳು ಬಂದವು, ತಿಂಗಳುಗಟ್ಟಲೆ ಸುರಿದರು. ಬಂದರು ಉಳೀತು. ಬರೀ ಉಳಿದದ್ದಲ್ಲ, ಗಟ್ಟಿಯಾದ ಲಾವಾ ಅಡ್ಡ ನಿಂತು ಅಲೆಗಳಿಂದ ಮೊದಲಿಗಿಂತ ಒಳ್ಳೆಯ ರಕ್ಷಣೆ ಸಿಕ್ಕಿತು.

ಜುಲೈ 3ಕ್ಕೆ ಬೆಂಕಿ ತಣ್ಣಗಾಯಿತು. ಎದ್ದು ನಿಂತ ಹೊಸ ಬೆಟ್ಟಕ್ಕೆ ಎಲ್ಡ್‌ಫೆಲ್, ಅಂದರೆ ಬೆಂಕಿಬೆಟ್ಟ ಅಂತಲೇ ಹೆಸರಿಟ್ಟರು. ಹೆಚ್ಚಿನವರು ವಾಪಸ್ ಬಂದು, ಚಾವಣಿವರೆಗೆ ತುಂಬಿದ್ದ ಬೂದಿ ತೋಡಿ ಮನೆ ಹುಡುಕಿಕೊಂಡರು. ಊರು ನುಂಗಿದ ಅದೇ ಲಾವಾದ ಶಾಖದಿಂದ ಮುಂದೆ ವರ್ಷಗಟ್ಟಲೆ ಮನೆ ಬೆಚ್ಚಗೆ ಮಾಡಿಕೊಂಡರು.

ಸತ್ತವರು ಎಷ್ಟು? ವಿಷಗಾಳಿಗೆ ಒಬ್ಬರು. ನಮ್ಮ ಲೆಕ್ಕದಲ್ಲಿ ಇದು ಹದಿನೈದು ಸೆಕೆಂಡಿನ ಸುದ್ದಿ. ಉಳಿದ ಸಾವಿರಾರು ಜನ ಹೇಗೆ ಉಳಿದರು ಅಂತ ಕೇಳಿದರೆ ಮಾತ್ರ ಇದು ಇತಿಹಾಸ. ನಮ್ಮ ಕರಾವಳಿಗೆ ಮುಂದಿನ ಚಂಡಮಾರುತ ಬಂದಾಗ ಆ ಪ್ರಶ್ನೆಯನ್ನೇ ಮೊದಲು ಕೇಳಬೇಕು ಅಂತ ನನಗೆ ನಾನೇ ಹೇಳಿಕೊಂಡಿದ್ದೀನಿ. ಮರೆತರೆ ನೀವು ನೆನಪಿಸಿ.