ಈಮ್ಯಾಕ್ಸ್: ಬಳಸುವವರೇ ಬೆಳೆಸಿದ ಸಂಪಾದಕ

ಪ್ರೋಗ್ರಾಂ ಬರೆಯುವವರ ಮೊದಲ ಉಪಕರಣ ಪಠ್ಯ ಸಂಪಾದಕ. ಅಂಥ ಸಂಪಾದಕಗಳಲ್ಲಿ ಒಂದಾದ ಈಮ್ಯಾಕ್ಸ್‌ಗೆ ಬೇಕಾದ ಹೊಸ ಸೌಲಭ್ಯವನ್ನು ಬಳಸುವವರೇ ಬರೆದು ಸೇರಿಸಿಕೊಳ್ಳಬಹುದು. 1976ರಲ್ಲಿ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಅದು ಹುಟ್ಟಿತು. ಟೆಕೊ ಎಂಬ ಹಳೆಯ ಸಂಪಾದಕಕ್ಕೆ ಅಲ್ಲಿನವರು ತಮತಮಗೆ ತೋಚಿದಂತೆ ಬರೆದುಕೊಂಡಿದ್ದ ಮ್ಯಾಕ್ರೊಗಳನ್ನು ರಿಚರ್ಡ್ ಸ್ಟಾಲ್‌ಮನ್ ಮತ್ತು ಗೈ ಸ್ಟೀಲ್ ಒಗ್ಗೂಡಿಸಿದರು. 1985ರಲ್ಲಿ ಸ್ಟಾಲ್‌ಮನ್ ಗ್ನು ಈಮ್ಯಾಕ್ಸ್ ಹೊರತಂದರು. ಅದರ ತಿರುಳು ಸಿ ಭಾಷೆಯಲ್ಲಿದ್ದರೆ ಉಳಿದ ಬಹುಪಾಲು ಲಿಸ್ಪ್ ಭಾಷೆಯಲ್ಲಿದೆ. ಆ ಲಿಸ್ಪ್ ಭಾಗವನ್ನು ಸಂಪಾದಕ ನಡೆಯುತ್ತಿರುವಾಗಲೇ ತಿದ್ದಬಹುದು.

ಕರಾವಳಿ ಆಂಧ್ರದಲ್ಲಿ ಪ್ರೋಗ್ರಾಂ ಬರೆಯುವ ವಿದ್ಯೆಗೆ ನೆಲೆಯಾದದ್ದು ಕಾಲೇಜುಗಳು. ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಬೆಜವಾಡದಲ್ಲಿ, ಎಂದರೆ ಇಂದಿನ ವಿಜಯವಾಡದಲ್ಲಿ, ಆರಂಭವಾಗಿ 1930ರಲ್ಲಿ ವಿಶಾಖಪಟ್ಟಣದ ವಾಲ್ತೇರಿಗೆ ಬಂತು. 1977ರಲ್ಲಿ ವಿಜಯವಾಡದ ಕಾನೂರಿನಲ್ಲಿ ವಿ. ಆರ್. ಸಿದ್ಧಾರ್ಥ ಎಂಜಿನಿಯರಿಂಗ್ ಕಾಲೇಜು ತೆರೆಯಿತು. 1991ರಲ್ಲಿ ಲಿನಕ್ಸ್ ಬಂದ ಮೇಲೆ ಹಣ ಕೊಡದೆ ಪಡೆದು ಹಂಚಬಲ್ಲ ಕಾರ್ಯಾಚರಣ ವ್ಯವಸ್ಥೆ ಸಾಮಾನ್ಯ ಪಿಸಿಗೂ ಸಿಕ್ಕಿತು. 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಯೋಜನೆಗಳು ಶುರುವಾಗಿ ಅದಕ್ಕೆ ಡೆಸ್ಕ್‌ಟಾಪನ್ನು ಒದಗಿಸಿದವು. 2005ರಲ್ಲಿ ಮೊದಲಾದ ‘ಸ್ವೇಚ್ಛ’ ಎಂಬ ಸಂಸ್ಥೆ ಈ ತಂತ್ರಾಂಶಗಳನ್ನು ತೆಲುಗಿಗೆ ತರುವ ಕೆಲಸ ಕೈಗೊಂಡು, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ‘ಗ್ಲಗ್’ ಎಂಬ ಬಳಕೆದಾರರ ಕೂಟಗಳನ್ನು ಕಟ್ಟಿತು.

ಸಂಪಾದಕದಲ್ಲಿ ತೆಲುಗು, ಕನ್ನಡ ಲಿಪಿಗಳನ್ನು ಬರೆಯುವ ತೊಡಕು ಬಗೆಹರಿದದ್ದು ಹಂತಹಂತವಾಗಿ. 1997ರ ಈಮ್ಯಾಕ್ಸ್ 20ರಲ್ಲಿ ಬಹುಭಾಷಾ ಸೌಲಭ್ಯ ಸೇರಿತು. 2009ರ 23ನೆಯ ಆವೃತ್ತಿಯ ಒಳರಚನೆಗೆ ಯೂನಿಕೋಡ್ ಆಧಾರವಾಯಿತು. ಭಾರತದ ಇಸ್ಕಿ ಸಂಕೇತದ ಜೋಡಣೆಯನ್ನು ಅನುಸರಿಸಿದ ಯೂನಿಕೋಡ್, ತೆಲುಗಿಗೆ 128 ಸ್ಥಾನಗಳನ್ನಿಟ್ಟು ಅದರ ಬೆನ್ನಿಗೇ ಕನ್ನಡಕ್ಕೂ ಅಷ್ಟೇ ಸ್ಥಾನಗಳನ್ನಿಟ್ಟಿದೆ. ತೆಲುಗಿನ ‘ಕ’ಕಾರದ ಸಂಖ್ಯೆ 3093, ಕನ್ನಡದ್ದು 3221, ವ್ಯತ್ಯಾಸ ಸರಿಯಾಗಿ 128. ಈಮ್ಯಾಕ್ಸ್‌ನಲ್ಲಿ ಎರಡೂ ಲಿಪಿಗಳನ್ನು ರೋಮನ್ ಅಕ್ಷರಗಳಿಂದ ಮೂಡಿಸುವ ಐಟ್ರಾನ್ಸ್ ಬೆರಳಚ್ಚು ಒಂದೇ ಲಿಪ್ಯಂತರ ಕೋಷ್ಟಕದಿಂದ ಸಿದ್ಧವಾಗುತ್ತದೆ. ತೆಲುಗಿಗೆಂದು ಕಲಿತ ಬೆರಳು ಕನ್ನಡಕ್ಕೂ ಬರುತ್ತದೆ.

ಈ ಬೆರಳಚ್ಚನ್ನು ಅಣಿಗೊಳಿಸುವ ಕ್ರಮ ಸರಳ. ಡೆಬಿಯನ್ ಅಥವಾ ಉಬುಂಟು ಎಂಬ ಲಿನಕ್ಸ್ ವಿತರಣೆಯನ್ನು ಸ್ಥಾಪಿಸಿ, ತೆಲುಗು ಮತ್ತು ಕನ್ನಡದ ಯೂನಿಕೋಡ್ ಫಾಂಟುಗಳನ್ನು ಹಾಕಿ, ಈಮ್ಯಾಕ್ಸ್ ಇಳಿಸಿಕೊಳ್ಳಬೇಕು. ಆರಂಭದ ಕಡತದಲ್ಲಿ ಅಕ್ಷರದ ಗಾತ್ರ, ಬೇಕಾದ ಪ್ರೋಗ್ರಾಮಿಂಗ್ ಭಾಷೆಯ ವಿಧಾನ ಮತ್ತು ಬೆರಳಚ್ಚಿನ ಕ್ರಮವನ್ನು ಬರೆದಿಡಬೇಕು. ಆಮೇಲೆ ಕಂಟ್ರೋಲ್ ಜೊತೆಗೆ ಬ್ಯಾಕ್‌ಸ್ಲ್ಯಾಷ್ ಒತ್ತಿದರೆ ಇಂಗ್ಲಿಷಿನಿಂದ ನಮ್ಮ ಲಿಪಿಗೆ, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷಿಗೆ ಹೋಗಬಹುದು. ಆರಂಭದ ಕಡತ ಬರಿಯ ಪಠ್ಯವಾದ್ದರಿಂದ ವಿಜಯವಾಡದಲ್ಲಿ ಬರೆದದ್ದನ್ನು ವಿಶಾಖಪಟ್ಟಣದಲ್ಲೋ ಬೆಂಗಳೂರಿನಲ್ಲೋ ನಕಲಿಸಿಕೊಂಡು, ಸ್ವಲ್ಪ ತಿದ್ದಿ, ಮುಂದಿನವರಿಗೆ ಕೊಡಬಹುದು. ಟೆಕೊ ಮ್ಯಾಕ್ರೊಗಳೂ ಹೀಗೆಯೇ ಕೈಯಿಂದ ಕೈಗೆ ಸಾಗಿ ಈಮ್ಯಾಕ್ಸ್ ಆದವು.