ನಕಲು ಎಲ್ಲಿಂದ ಶುರು? ಪಟವಾರಿಯ ಮಗ ಕಟ್ಟಿದ ಜೀನಿನ ಕಥೆ

ಹರ್ ಗೋಬಿಂದ್ ಖೊರಾನಾ ಹುಟ್ಟಿದ್ದು 1922ರಲ್ಲಿ, ಪಂಜಾಬಿನ ರಾಯಪುರ ಎಂಬ ಹಳ್ಳಿಯಲ್ಲಿ. ಈಗ ಅದು ಪಾಕಿಸ್ತಾನದಲ್ಲಿದೆ. ಊರಿನಲ್ಲಿ ಇದ್ದವರೇ ಸುಮಾರು ನೂರು ಜನ. ಓದು ಬರಹ ಬಲ್ಲ ಮನೆ ಹೆಚ್ಚುಕಮ್ಮಿ ಇವರದೊಂದೇ. ತಂದೆ ಪಟವಾರಿ. ನಮ್ಮ ಕಡೆ ಹಿಂದೆ ಶಾನುಭೋಗರು ನೋಡಿಕೊಳ್ಳುತ್ತಿದ್ದಂತೆ ಊರಿನ ಕಂದಾಯದ ಲೆಕ್ಕ ನೋಡುವ ಕೆಲಸ. ಆ ಮನೆಯ ಹುಡುಗ ಮುಂದೆ ಅಮೆರಿಕಕ್ಕೆ ಹೋಗಿ, ಜೀವಕೋಶದ ದಾಖಲೆಯನ್ನೇ ಕೈಯಾರೆ ಬರೆದರು.

ಕೋಶದ ಮೂಲ ದಾಖಲೆ ಡಿಎನ್ಎ. ಅದರಲ್ಲಿರುವುದು ನಾಲ್ಕೇ ಬಗೆಯ ಅಕ್ಷರ. ನಾಡಕಚೇರಿಯಲ್ಲಿ ಮೂಲ ಕಡತ ಕೈಗೆ ಕೊಡುವುದಿಲ್ಲ, ನಕಲು ಕೊಡುತ್ತಾರೆ ಅಲ್ಲವೇ? ಇಲ್ಲೂ ಹಾಗೆಯೇ. ಡಿಎನ್ಎಯ ಒಂದು ಭಾಗ, ಅಂದರೆ ಒಂದು ಜೀನ್, ಆರ್‌ಎನ್ಎಯಾಗಿ ನಕಲಾಗುತ್ತದೆ. ಅಂಥ ಒಂದು ನಕಲೇ ಟಿಆರ್‌ಎನ್ಎ. ಪ್ರೋಟೀನ್ ಕಟ್ಟುವ ಜಾಗಕ್ಕೆ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಹೊತ್ತು ತರುವುದು ಇದರ ಕೆಲಸ. ಇದು ನಿಂತರೆ ಪ್ರೋಟೀನ್ ಇಲ್ಲ, ಪ್ರೋಟೀನ್ ಇಲ್ಲದೆ ಜೀವವೂ ಇಲ್ಲ.

1965ರಲ್ಲಿ ರಾಬರ್ಟ್ ಹಾಲಿ ತಂಡ ಯೀಸ್ಟ್‌ನ ಒಂದು ಟಿಆರ್‌ಎನ್ಎಯನ್ನು ಪೂರ್ತಿ ಓದಿ ಮುಗಿಸಿತು. ಅದರಲ್ಲಿದ್ದದ್ದು 77 ಅಕ್ಷರ. ಇದಕ್ಕಾಗಿ 140 ಕಿಲೋ ಯೀಸ್ಟ್‌ನಿಂದ ಅವರಿಗೆ ಸಿಕ್ಕಿದ್ದು ಬರೀ 1 ಗ್ರಾಂ. 1968ರಲ್ಲಿ ಹಾಲಿ, ಖೊರಾನಾ ಮತ್ತು ಮಾರ್ಷಲ್ ನಿರೆನ್‌ಬರ್ಗ್ ಮೂವರಿಗೂ ಸೇರಿ ನೊಬೆಲ್ ಬಂತು.

1970ರಲ್ಲಿ ಖೊರಾನಾ ತಂಡ ಅದೇ ಟಿಆರ್‌ಎನ್ಎಯ ಜೀನನ್ನು ರಾಸಾಯನಿಕಗಳಿಂದ ಜೋಡಿಸಿತು. ಮನುಷ್ಯ ಪೂರ್ತಿಯಾಗಿ ಕಟ್ಟಿದ ಮೊದಲ ಜೀನ್ ಅದು. ಆದರೆ ಕೋಶದೊಳಗೆ ಅದನ್ನು ದುಡಿಸಲು ಆಗಲಿಲ್ಲ. ನಕಲು ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು ಎನ್ನುವ ಗುರುತುಗಳು ಆಗ ತಿಳಿದಿರಲಿಲ್ಲ.

ಅವರು ಬಿಡಲಿಲ್ಲ. ಈ ಸಲ ಇ. ಕೋಲಿ ಬ್ಯಾಕ್ಟೀರಿಯಾದ ಇನ್ನೊಂದು ಟಿಆರ್‌ಎನ್ಎ ಜೀನನ್ನು ಕೈಗೆತ್ತಿಕೊಂಡರು. ಜೀನಿನ ಮುಂದೆ ಶುರುವಿನ ಗುರುತು, ಹಿಂದೆ ಮುಗಿಯುವ ಗುರುತು, ಎರಡನ್ನೂ ಸೇರಿಸಿ ಕಟ್ಟಿದರು. 1976ರಲ್ಲಿ ಅದು ಜೀವಂತ ಬ್ಯಾಕ್ಟೀರಿಯಾದಲ್ಲಿ ಕೆಲಸ ಮಾಡಿತು.

ಹಾಗಾದರೆ ಯೀಸ್ಟ್‌ನಲ್ಲಿ, ನಮ್ಮ ನಿಮ್ಮ ಕೋಶಗಳಲ್ಲಿ ಆ ಗುರುತು ಎಲ್ಲಿದೆ? ನಕಲು ಮಾಡುವ ಕಿಣ್ವ ಇಲ್ಲಿ ಒಂದಲ್ಲ, ಹಲವು ಎಂದು 1969ರಲ್ಲೇ ರಾಬರ್ಟ್ ರೋಡರ್ ಮತ್ತು ವಿಲಿಯಂ ರಟರ್ ತೋರಿಸಿದ್ದರು. ಅವುಗಳಲ್ಲಿ ಮೂರನೆಯದು ಟಿಆರ್‌ಎನ್ಎಯನ್ನು ನಕಲು ಮಾಡುತ್ತದೆ. 1980ರ ಆಸುಪಾಸಿನಲ್ಲಿ ವಿಜ್ಞಾನಿಗಳು ಜೀನ್‌ಗಳನ್ನು ಅಲ್ಲಲ್ಲಿ ಕತ್ತರಿಸಿ ನೋಡಿದರು. ಮುಂದಿನ ಭಾಗ ತೆಗೆದರೂ ನಕಲು ನಡೆಯುತ್ತಿತ್ತು. ಒಳಗಿನ ಭಾಗ ತೆಗೆದರೆ ನಿಲ್ಲುತ್ತಿತ್ತು. ಗುರುತು ಜೀನಿನ ಹೊಟ್ಟೆಯೊಳಗೇ ಇತ್ತು!

ಅಲ್ಲಿರುವ ಎರಡು ಜಾಗಗಳಿಗೆ ಎ ಬಾಕ್ಸ್, ಬಿ ಬಾಕ್ಸ್ ಎಂದು ಹೆಸರು. ಒಂದು ಪ್ರೋಟೀನ್ ಗುಂಪು ಇವೆರಡನ್ನೂ ಹಿಡಿದುಕೊಳ್ಳುತ್ತದೆ. ಅದು ಇನ್ನೊಂದು ಗುಂಪನ್ನು ಜೀನಿನ ಮುಂದೆ ಕೂರಿಸುತ್ತದೆ. ಕೂತವರು ಕಿಣ್ವವನ್ನು ಕರೆಯುತ್ತಾರೆ, ನಕಲು ಶುರು. ಕೊನೆಯಲ್ಲಿ ‘ಟಿ’ ಅಕ್ಷರ ಸಾಲಾಗಿ ಬಂದ ಕಡೆ ಕೆಲಸ ಮುಗಿಯುತ್ತದೆ.

ಈಗ 1970ರ ಆ ಜೀನನ್ನು ನೆನಪಿಸಿಕೊಳ್ಳಿ. ಯೀಸ್ಟ್‌ನ ಶುರುವಿನ ಗುರುತು ಆ 77 ಅಕ್ಷರಗಳ ನಡುವೆಯೇ ಇತ್ತು. ಒಂದೊಂದಾಗಿ ಜೋಡಿಸಿದವರ ಕೈಯಲ್ಲೇ ಅದು ಹಾದು ಹೋಗಿತ್ತು. ಅದನ್ನು ಗುರುತಿಸಲು ಇನ್ನೂ ಹತ್ತು ವರ್ಷ ಬೇಕಾಯಿತು.